ಸೈಕಲ್ ಮೇಲಿನ ಹುಡುಗಿಯ ಚಿತ್ರದ ಬಗ್ಗೆ ಮರುಹೇಳಿಕೆ

ನನ್ನ ಹೆಸರು ವಹಾಬ ತಂದೆ ಮಸ್ತಾನಸಾಬ, ವಯಾ 47 ವರ್ಷ, ಉದ್ಯೋಗ ಹತ್ತಿ ಹಿಂಜಿ ಗಾದಿ ಹೊಲಿಯುವುದು, ಸಾ: ರಂಗಂಪೇಟೆ, ತಾ: ಸುರಪುರ, ಜಿ: ಯಾದಗಿರಿ. ಹೋದ ವಾರ ಮೆಹಬೂಬ ಎಂಬುವನ ಮೇಲೆ ನಾನೇ ಕೊಟ್ಟ ದೂರಿನ ಸಂಬಂಧ ಈ ದಿನ ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಮರುಹೇಳಿಕೆ ಬರೆಯಿಸುವುದೇನೆಂದರೆ,

ನನಗೆ ಹೆಂಡತಿ ಉಮೆಸಲ್ಮಾ ಮತ್ತು ಒಬ್ಬಳೇ ಮಗಳು ಫರ್ಹೀನ್ ಇದ್ದಾರೆ. ಮಗಳಿಗೆ 16 ವರ್ಷ, ಸುರಪುರದಲ್ಲಿ ಪಿಯುಸಿ ಮೊದಲನೇ ವರ್ಷ ಓದುತ್ತಾಳೆ. ಓದಿಗೆ ಬೇಕೆಂದು ಎರಡು ವರ್ಷದ ಹಿಂದೆ ಅವಳಿಗೆ ಒಂದು ಹಳೆಯ ಮೊಬೈಲ್ ಕೊಡಿಸಿದ್ದೆ. ಕಾಲೇಜಿನಿಂದ ಬಂದವಳೇ ಗೋಡೆಗೆ ಒರಗಿ ಕೂತು ಮೊಬೈಲಿನ ಮೇಲೆ ಬೆರಳು ಆಡಿಸುತ್ತಿದ್ದಳು. ಕರೆದರೆ ಎರಡನೇ ಸಲಕ್ಕೆ ಓಗೊಡುತ್ತಿದ್ದಳು. ಯಾರ ಸಂಗಡವೋ ಮಾತಾಡುತ್ತಾಳೆ ಅಂತ ನನಗೆ ಸಂಶಯ ಇತ್ತು. ಏನು ಮಾಡುತ್ತೀ ಅಂತ ಒಂದು ದಿನವೂ ಕೇಳಲಿಲ್ಲ. ಮೊಬೈಲ್ ಕಡಿಮೆ ಮಾಡು ಅಂತ ಬೈದದ್ದು ಮಾತ್ರ ಉಂಟು.

ದಿನಾಂಕ 11-08-2025 ಸೋಮವಾರ ಮುಂಜಾನೆ ಒಬ್ಬರ ಮನೆಗೆ ಗಾದಿ ಮುಟ್ಟಿಸಿ, ಹತ್ತಿ ಬಡಿಯುವ ಬೆತ್ತ ಹಿಡಿದುಕೊಂಡು ಬರುವಾಗ ಚಹಾ ಹೋಟೆಲ್ ಮುಂದೆ ಕುಳಿತಿದ್ದ ನಮ್ಮೂರ ಮಲ್ಕಪ್ಪ ನನ್ನನ್ನು ನಿಲ್ಲಿಸಿ, ನಿನ್ನ ಮಗಳ ಫೋಟೋ ಮೆಹಬೂಬನ ಅಂಗಡಿ ಗ್ಲಾಸಿಗೆ ಹಚ್ಚ್ಯಾರಲ್ಲೋ, ನೋಡಿಯೇನು ಅಂತ ಕೇಳಿದನು. ಅಲ್ಲಿದ್ದವರು ನಕ್ಕರು. ಮೆಹಬೂಬ ನಮ್ಮ ಓಣಿಯ ಗೌಹರಬೇಗಂ ಅವರ ಮಗ, 24 ವರ್ಷದ ಹುಡುಗ. ಮೊಬೈಲ್ ರಿಪೇರಿ ಮತ್ತು ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ.

ನಾನು ಹೋಗಿ ನೋಡಲಾಗಿ, ಅಂಗಡಿಯ ಬಾಗಿಲ ಗ್ಲಾಸಿಗೆ ಬಣ್ಣದ ಚಿತ್ರ ಹಚ್ಚಿತ್ತು. ಒಬ್ಬ ಹುಡುಗಿ ಗಂಡುಮಕ್ಕಳ ಸೈಕಲ್ ಹೊಡೆಯುತ್ತಿದ್ದಳು. ಓಢಣಿ ತಲೆಯಿಂದ ಜಾರಿ ಹಿಂದೆ ಹಾರುತ್ತಿತ್ತು, ಬಾಯಿ ತೆರೆದು ನಗುತ್ತಿದ್ದಳು. ಮುಖ ಫರ್ಹೀನಳದೇ ಅಂತ ನನಗೆ ಕಂಡಿತು. ಮೆಹಬೂಬ ಎದ್ದು ಬಂದು, "ಚಾಚಾ, ಒಂದ್ ಮಾತ್ ಕೇಳ್ರಿ" ಅಂದನು. ನಾನು ಕೇಳಲಿಲ್ಲ. ಕಪಾಳಕ್ಕೆ ಹೊಡೆದೆ. ಕೈಯಲ್ಲಿದ್ದ ಬೆತ್ತದಿಂದ ಗ್ಲಾಸ್ ಒಡೆದೆ. ಚೂರು ಸಿಡಿದು ಅವನ ಹುಬ್ಬಿನ ಮೇಲೆ ಗಾಯವಾಗಿ ರಕ್ತ ಬಂತು. ಅವನು ತಿರುಗಿ ನನ್ನ ಮೇಲೆ ಕೈ ಎತ್ತಲಿಲ್ಲ. ಜನ ಕೂಡಿದರು. ಈ ಹುಡುಗ ನನ್ನ ಮಗಳ ಫೋಟೋ ಕದ್ದು ಕಂಪ್ಯೂಟರಿನಲ್ಲಿ ಹೀಗೆ ಮಾಡಿದ್ದಾನೆ ಅಂತ ನಾನು ಎಲ್ಲರಿಗೂ ಕೇಳುವಂತೆ ಕೂಗಿದೆ.

ಮನೆಗೆ ಬಂದು ಫರ್ಹೀನಳ ಕೈಯಿಂದ ಮೊಬೈಲ್ ಕಸಿದುಕೊಂಡೆ. ಅವಳು ಅಳುತ್ತ ಏನೋ ಹೇಳಲು ಬಂದಳು, ನಾನು ಅವಳನ್ನು ಒಳಗೆ ನೂಕಿದೆ. ನನ್ನ ಹೆಂಡತಿ ಅಡ್ಡ ಬಂದು, "ಮೊದ್ಲ ನನ್ನ ಮಾತ್ ಕೇಳ್ರಿ" ಅಂದಾಗ, ನಿನ್ನಿಂದಲೇ ಇವಳು ಹೀಗಾದಳು, ಬಾಯಿ ಮುಚ್ಚು ಅಂತ ಬೈದೆ. ನಂತರ ಠಾಣೆಗೆ ಬಂದು ದೂರು ಕೊಟ್ಟು ಸದರಿ ಮೊಬೈಲನ್ನು ಒಪ್ಪಿಸಿದೆ. ಮೆಹಬೂಬನನ್ನು ಕರೆಸಿ ವಿಚಾರಣೆ ಮಾಡಿದರು. ಚಿತ್ರ ಕೊಟ್ಟವರು ಇವರ ಮನೆಯವರೇ, ಅವರನ್ನು ಕೇಳಿರಿ ಅಂತ ಅವನು ಹೇಳಿದ್ದನ್ನು ನಾನು ಸುಳ್ಳು ಅಂದೆ. ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು ಅವನು ಸಂಜೆಯವರೆಗೆ ಬೆಂಚಿನ ಮೇಲೆ ಕುಳಿತಿದ್ದನು. ಹೋಗುವವರು ಬರುವವರು ಅವನನ್ನು ನೋಡುತ್ತಿದ್ದರು. ಆಗ ನನಗೆ ಸಮಾಧಾನ ಆಗಿತ್ತು. ಇದನ್ನೂ ಬರೆದುಕೊಳ್ಳಬೇಕು.

ಬುಧವಾರ ದಿವಸ ಹೆಂಡತಿ ಮಗಳನ್ನು ಕರೆದುಕೊಂಡು ಬರುವಂತೆ ಹೇಳಿದ ಪ್ರಕಾರ ನಾವು ಮೂವರೂ ಠಾಣೆಗೆ ಬಂದೆವು. ಮಹಿಳಾ ಹೆಡ್ ಕಾನ್‌ಸ್ಟೇಬಲ್ ಲಕ್ಷ್ಮಿ ಮೇಡಂ ಅವರು ಫರ್ಹೀನಳನ್ನು ಹತ್ತಿರ ಕೂಡಿಸಿಕೊಂಡು ಈ ಫೋಟೋ ಯಾರು ತೆಗೆದರು ಅಂತ ಕೇಳಿದರು. ಫೋಟೋ ಅಲ್ಲ, ನಾನೇ ಬಿಡಿಸಿದ್ದು ಅಂತ ಅವಳು ಹೇಳಿದಳು. ಸುಳ್ಳು ಹೇಳುತ್ತಾಳೆ ಅಂತ ನಾನು ನಡುವೆ ಬಾಯಿ ಹಾಕಿದೆ. ಅವಳು ಮೇಡಂ ಅವರಿಂದ ಮೊಬೈಲ್ ಇಸಿದುಕೊಂಡು ಚಿತ್ರ ಬಿಡಿಸುವ ಆಪ್ ತೆರೆದು ತೋರಿಸಿದಳು. ಬಿಡಿಸುವಾಗಿನ ಒಂದೊಂದು ಗೆರೆಯನ್ನೂ ಅದು ತಾನೇ ವಿಡಿಯೋ ಮಾಡಿ ಇಟ್ಟುಕೊಳ್ಳುತ್ತದಂತೆ.

ಲಕ್ಷ್ಮಿ ಮೇಡಂ, "ನೋಡ್ರಿ ಇಲ್ಲಿ" ಅಂತ ಮೊಬೈಲನ್ನು ನನ್ನ ಮುಂದೆ ಹಿಡಿದರು. ಮೊದಲು ಬರೀ ಬಿಳಿ ಇತ್ತು. ಆಮೇಲೆ ಒಂದು ಬೂದಿ ಗೆರೆ ಬಂತು, ಸೈಕಲ್ಲಿನ ಗಾಲಿ ಆಯಿತು. ಗಾಲಿ ಸೊಟ್ಟಾಗಿತ್ತು, ಅಳಿಸಿ ಮತ್ತೆ ಬಿಡಿಸಿದ್ದಳು. ಮೂಗು ಬಂತು, ಹೋಯಿತು, ಮತ್ತೆ ಬಂತು. ಓಢಣಿಗೆ ಹಸಿರು ಹಚ್ಚಿ, ತೆಗೆದು, ಕುಸುಬಿ ಹೂವಿನ ಬಣ್ಣ ಹಚ್ಚಿದಳು. ಒಂದು ತಿಂಗಳು ಬಿಡಿಸಿದ್ದು ಅಂತ ಹೇಳಿದಳು. ಅದೇ ಮೊಬೈಲಿನಲ್ಲಿ ಇನ್ನೂ ಬಹಳ ಚಿತ್ರಗಳಿದ್ದವು. ನಮ್ಮ ಗೋಡೆ ಮೇಲಿನ ಕೋಳಿ, ಸುರಪುರದ ಗುಡ್ಡ, ಹೆಂಡತಿ ರೊಟ್ಟಿ ಬಡಿಯುವ ಕೈ. ಯಾರ ಸಂಗಡವೂ ಮಾತಾಡಿದ್ದು ಅದರಲ್ಲಿ ಇರಲಿಲ್ಲ.

ಅಷ್ಟಾದರೂ ನಾನು ಸೋಲಲಿಲ್ಲ. ಬಿಡಿಸಿದರೆ ಬಿಡಿಸಲಿ, ತನ್ನ ಮುಖವನ್ನು ತಾನೇ ಬಜಾರಿನಲ್ಲಿ ಹಚ್ಚಿಸುವುದು ಯಾಕೆ ಅಂತ ಕೇಳಿದೆ. ಫರ್ಹೀನ್ ತಾಯಿಯ ಕಡೆ ನೋಡಿದಳು. ಆಗ ನನ್ನ ಹೆಂಡತಿ ಮುಖದ ಮೇಲಿನ ನಖಾಬು ಸರಿಸಿ, "ಅದು ಫರ್ಹೀನ್ ಅಲ್ರಿ. ಅದು ನಾನು" ಅಂದಳು.

ಅವಳು ಹೇಳಿದ್ದೇನೆಂದರೆ, ಅವಳ ತವರೂರು ಸಗರದಲ್ಲಿ ಮದುವೆಗೆ ಮುಂಚೆ ಅಣ್ಣನ ಸೈಕಲ್ ಮೇಲೆ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು. ಆಗಿನ ಫೋಟೋ ಅವಳದು ಒಂದೂ ಇಲ್ಲ. ಮಗಳು ಅಡಿಗೆ ಮನೆಯಲ್ಲಿ ಕುಳಿತು, ಆಗ ಕೂದಲು ಹೆಂಗಿತ್ತು, ಓಢಣಿ ಯಾವ ಬಣ್ಣ, ನಗುವಾಗ ಹಲ್ಲು ಕಾಣುತ್ತಿದ್ದವೇನು ಅಂತ ಕೇಳಿ ಕೇಳಿ ಬಿಡಿಸಿದಳು. ಬಣ್ಣದ ಪ್ರಿಂಟ್ ತೆಗೆಸಲು ತಾಯಿ ಮಗಳು ಇಬ್ಬರೂ ಮೆಹಬೂಬನ ಅಂಗಡಿಗೆ ಹೋಗಿದ್ದರು. ಚಿತ್ರ ಬಹಳ ಚಂದ ಇದೆ, ಅಂಗಡಿಗೆ ಒಂದು ಹಚ್ಚಿಕೊಳ್ಳಲೇನು ಚಾಚಿ ಅಂತ ಅವನು ಕೇಳಿದ್ದಕ್ಕೆ ಇವಳೇ ಒಪ್ಪಿದ್ದಳು.

ಚಿತ್ರದ ಹುಡುಗಿಗೆ ಗದ್ದದ ಎಡಕ್ಕೆ ಒಂದು ಮಚ್ಚೆ ಇದೆ. ನನ್ನ ಮಗಳಿಗೆ ಮಚ್ಚೆ ಇಲ್ಲ, ಹೆಂಡತಿಗೆ ಇದೆ. ಇಪ್ಪತ್ತು ವರ್ಷ ಅವಳ ಜೊತೆ ಸಂಸಾರ ಮಾಡಿದ ನನಗೆ ಅವಳ ಗುರುತು ಹತ್ತಲಿಲ್ಲ. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿಲ್ಲ.

ಅಂದೇ ಮೆಹಬೂಬನ ಮನೆಗೆ ಹೋದೆ. ಗೌಹರಬೇಗಂ ನನಗೆ ಕುರ್ಚಿ ಹಾಕಿ ನೀರು ಕೊಟ್ಟರು. ನನ್ನದು ತಪ್ಪಾಯಿತು ಅಂತ ನಾನು ಹೇಳಿದೆ. ಮೆಹಬೂಬ, "ಹೊಡದದ್ದು ಹೋಗ್ಲಿ ಚಾಚಾ, ಹುಬ್ಬು ಮಾಯತದ. ಯಾದಗಿರಿಯವ್ರಿಗೆ ನಾ ಏನ್ ಹೇಳ್ಲಿ?" ಅಂತ ಕೇಳಿದನು. ಯಾದಗಿರಿಯ ಮುಸ್ತಫಾ ಎಂಬುವರ ಮಗಳು ನುಜ್ಹತಳೊಂದಿಗೆ ಅವನ ನಿಶ್ಚಿತಾರ್ಥ ಆಗಿತ್ತು. ಹುಡುಗಿಯರ ಫೋಟೋ ಕದಿಯುವವನಿಗೆ ಮಗಳನ್ನು ಕೊಡುವುದಿಲ್ಲ ಅಂತ ಅವರು ಫೋನಿನಲ್ಲೇ ಮುರಿದಿದ್ದರು.

ಶನಿವಾರ ನಾನು ಹೆಂಡತಿಯೊಂದಿಗೆ ಬಸ್ಸಿನಲ್ಲಿ ಯಾದಗಿರಿಗೆ ಹೋಗಿ ಮುಸ್ತಫಾ ಅವರಿಗೆ ತಪ್ಪು ನನ್ನದು ಅಂತ ಹೇಳಿದೆ. ಅವರು ನಂಬಲಿಲ್ಲ, ಊರವರು ಒತ್ತಾಯ ಮಾಡಿ ಕಳಿಸಿರಬೇಕು ಅಂದರು. ನನ್ನ ಹೆಂಡತಿ ಚಿತ್ರವನ್ನು ತನ್ನ ಗದ್ದದ ಬಾಜು ಹಿಡಿದುಕೊಂಡು, "ಭಾಯಿಸಾಬ, ನನ್ನ ನೋಡ್ರಿ, ಇದನ್ನೂ ನೋಡ್ರಿ" ಅಂದಳು. ಪರರ ಮನೆಯ ಗಂಡಸರ ಮುಂದೆ ಅವಳನ್ನು ಹಾಗೆ ನಿಲ್ಲಿಸಿದವನು ನಾನು. ವಿಚಾರ ಮಾಡಿ ಹೇಳುತ್ತೇವೆ ಅಂತ ಅವರು ಕಳಿಸಿದರು. ಈ ದಿನದವರೆಗೆ ಏನೂ ಹೇಳಿಲ್ಲ.

ನಿನ್ನೆ ಮುಂಜಾನೆ ಮೆಹಬೂಬನ ಅಂಗಡಿ ಮುಂದೆ ನಿಂತು, ಈ ಹುಡುಗ ನಿರಪರಾಧಿ, ನಾನೇ ಸುಳ್ಳು ಆರೋಪ ಮಾಡಿದೆ ಅಂತ ಬಜಾರಿನ ಜನರಿಗೆ ಕೇಳುವಂತೆ ಹೇಳಿದ್ದೇನೆ. ಅವತ್ತು ಕೂಡಿದಷ್ಟು ಜನ ಇದಕ್ಕೆ ಕೂಡಲಿಲ್ಲ.

ಆದ್ದರಿಂದ ಮೆಹಬೂಬನ ಮೇಲೆ ನನ್ನದು ಯಾವ ದೂರೂ ಇಲ್ಲ. ಅವನನ್ನು ಹೊಡೆದು, ಗ್ಲಾಸ್ ಒಡೆದದ್ದಕ್ಕೆ ನನ್ನ ಮೇಲೆ ಕಾನೂನು ಪ್ರಕಾರ ಏನು ಕ್ರಮ ಇದೆಯೋ ಅದಕ್ಕೆ ಒಪ್ಪಿರುತ್ತೇನೆ.

ಠಾಣೆಯಿಂದ ಮರಳಿ ಪಡೆದ ಮೊಬೈಲನ್ನು ನಿನ್ನೆ ರಾತ್ರಿ ಫರ್ಹೀನಳ ಮುಂದೆ ಇಟ್ಟು, ಇನ್ನು ನಾನು ಅಡ್ಡ ಬರುವುದಿಲ್ಲ, ಬಿಡಿಸು ಅಂತ ಹೇಳಿದೆ. ಅವಳು ಅದನ್ನು ಮುಟ್ಟಲಿಲ್ಲ. ಉರ್ದುವಿನಲ್ಲಿ ಅವಳು ಕೇಳಿದ್ದು ಇಷ್ಟು: ಯಾರ ಮುಖ ಬಿಡಿಸಲಿ ಅಬ್ಬಾ, ಯಾರದು ಬಿಡಿಸಿದರೆ ಯಾರಿಗೆ ಹೊಡೆಯುತ್ತೀರಿ?

ಬರೆದುಕೊಂಡದ್ದನ್ನು ನನಗೆ ಓದಿ ಕೇಳಿಸಿದ್ದು, ನಾನು ಹೇಳಿದಂತೆಯೇ ಇದೆ. ಇದರಲ್ಲಿ ನನ್ನ ತಪ್ಪನ್ನು ಕಡಿಮೆ ಮಾಡಿ ಬರೆಯಿಸಿಲ್ಲ.

ಸ್ಥಳ: ಸುರಪುರ
ದಿನಾಂಕ: 18-08-2025
ಸಹಿ: ವಹಾಬ