ಗುಜರಿಗೆ ಹೊರಟ ಆಂಟೆನಾ

ಸರಗೂರು ಬಸ್ ನಿಲ್ದಾಣದಲ್ಲಿ ಕೂತಿದ್ದ ರೂಪಶ್ರೀಯ ಕಾಲಿಗೆ ಪಕ್ಕದ ಹಿರಿಯರ ಹಳೇ ಟಿವಿ ಆಂಟೆನಾ ತಗುಲುತ್ತಲೇ ಇತ್ತು. ಗುಜರಿ ಅಂಗಡಿಯ ಬಾಗಿಲು ತೆರೆಯಲೆಂದು ಅವರೂ, ಅವರ ತಮ್ಮನ ಮಗನೂ ಕಾಯುತ್ತಿದ್ದರು.

“ಇನ್ಮೇಲೆ ನೆಟ್ ಇಲ್ದೇನೇ ಮೊಬೈಲಿಗೆ ಟಿವಿ ಬತ್ತದಂತೆ, ದೊಡ್ಡಪ್ಪ.”

“ಎಲ್ಲಿಂದ್ಲಾ ಬತ್ತದೆ?”

“ಟವರಿಂದ, ಗಾಳೀಲಿ.”

“ಈ ಆಂಟೆನಾಕ್ಕೂ ಗಾಳೀಲೇ ತಾನೆ ಬತ್ತಿದ್ದು? ಯಾರೂ ನೋಡಲ್ಲ ಅಂತ ದೂರದರ್ಶನದ ಟವರ್ ಮುಚ್ಚುದ್ರಲ್ಲ, ನಮ್ಮನ್ನ ಯಾರು ಕೇಳುದ್ರು?”

“ಅದು ಹಳೇದು. ಇದಕ್ಕೆ ಬೇರೆ ಮೊಬೈಲೇ ಬೇಕು. ಮೊದ್ಲು ದೊಡ್ಡ ಸಿಟೀಲಿ ಪರೀಕ್ಷೆ ಮಾಡ್ತಾವ್ರೆ.”

“ಸಿಟೀಲಿ ನೆಟ್ ಇಲ್ವಾ?”

“ಬೇಕಾದಷ್ಟದೆ.”

“ಮತ್ತೆ! ನೆಟ್ ಇರೋರಿಗೆ ನೆಟ್ ಬೇಡ್ದಿರೋ ಟಿವಿ! ನಮ್ಮೂರಲ್ಲಿ ಆನೆ ಬಂದದೆ ಅನ್ನೋ ಮೆಸೇಜು, ಆನೆ ಬಾಳೆ ತಿಂದು ಕಾಡಿಗೋದ್ಮೇಲೆ ಬತ್ತದೆ. ಇಲ್ಲಿ ಮಾಡ್ಲಿ ಪರೀಕ್ಷೆಯ!”

“ನನ್ ಮೇಲ್ಯಾಕೆ ರೇಗ್ತೀರಿ?”

ಅಷ್ಟರಲ್ಲಿ ಅವರೂರಿನ ಬಸ್ ಬಂತು. ಹಿರಿಯರು ಆಂಟೆನಾವನ್ನು ಹೆಗಲಿಗೇರಿಸಿ ಬಸ್ಸಿನತ್ತ ನಡೆದರು.

“ದೊಡ್ಡಪ್ಪ, ಗುಜರಿ ಅಂಗಡಿ ಆ ಕಡೆ!”

“ಗೊತ್ತು ಕಣ್ಲಾ. ಟವರ್ ಮುಚ್ಚಿದ್ದು ಅವ್ರು. ನಾನಲ್ಲ.”