ಎಲ್ಲಾದಕ್ಕೂ ರಿ ಹಚ್ಚೀನಲ್ಲ

ಸೇಡಂ ಬಸ್ ನಿಲ್ದಾಣದಲ್ಲಿ ಮಾಣಿಕಪ್ಪನ ಪಕ್ಕ ಕೂತ ಇಬ್ಬರು ಹುಡುಗಿಯರು ಒಂದೇ ಮೊಬೈಲಿಗೆ ಬಾಗಿ ಜಗಳಾಡುತ್ತಿದ್ದರು. ಯಾರು ಬೇಕಾದರೂ ಕೈಜೋಡಿಸಿ ಪುಕ್ಕಟೆ ಕಟ್ಟುವ ಕನ್ನಡ ಕೀಬೋರ್ಡಿನ ಕೆಲಸವಂತೆ. ಅದಕ್ಕೆ ‘ಮಾಡಾಕತ್ತೀನಿ’ ಎಂಬ ಪದ ಸೇರಿಸುವುದು ಹೇಗೆಂದು ಹೊಸಬನೊಬ್ಬ ಅವರ ಮೊಬೈಲ್ ಗುಂಪಿನಲ್ಲಿ ಕೇಳಿದ್ದನಂತೆ.

“ನೀ ಏನ್ ಉತ್ತರ ಕೊಟ್ಟಿ ಭಾಗ್ಯಶ್ರೀ, ಓದು.”

“‘ಮೊದಲ ಸೂಚನಾ ಓದ್ರಿ. ಎಲ್ಲಾ ಅದರಾಗೇ ಬರ್ದೀವಿ. ಸ್ವಲ್ಪ ಕಣ್ಣು ತೆರೀರಿ.’”

“ಹಿಂಗ ಬರೀತಾರೇನು?”

“ಯಾಕ ಪ್ರೀತಿ? ಎಲ್ಲಾದಕ್ಕೂ ರಿ ಹಚ್ಚೀನಲ್ಲ.”

“ರಿ ಹಚ್ಚಿದ್ರ ಬೈದಿದ್ದು ಮರ್ಯಾದಿ ಆಗ್ತದೇನು? ಅಂವ ಗುಂಪು ಬಿಟ್ಟು ಹೋಗ್ಯಾನ ನೋಡು. ನಮ್ಮ ಕಡೀ ಮಾತು ಸೇರಸಾಕ ಬಂದಾಂವ ಅಂವ ಒಬ್ಬನೇ ಇದ್ದ.”

“ಬರ್ದಿಟ್ಟಿದ್ದೇ ಕೇಳಿದ್ರ ಸಿಟ್ಟು ಬರ್ತದವಾ.”

“ನೀ ಹೊಸದಾಗಿ ಬಂದಾಗ, ಸೇವ್ ಎಲ್ಲಿ ಒತ್ತಬೇಕು ಅಂತ ಕೇಳಿದ್ದಿ. ನಾ ಕಣ್ಣು ತೆರಿ ಅಂದಿದ್ನೇನು?”

ಅಷ್ಟರಲ್ಲಿ ಹುಡುಗಿಯರ ಬಸ್ಸು ಬಂದು ನಿಂತಿತು. ಬೋರ್ಡಿನ ಮೇಲೆ ‘ಸುಲೇಪೇಟ’ ಎಂದು ಗೇಣುದ್ದದ ಅಕ್ಷರಗಳಿದ್ದವು. ಅದನ್ನು ಓದಿಯೂ ಮಾಣಿಕಪ್ಪನಿಗೆ ಸುಮ್ಮನಿರಲಾಗಲಿಲ್ಲ.

“ಇದು ಸುಲೇಪೇಟಕ್ಕ ಹೋಗ್ತದೇನವಾ?”

ಭಾಗ್ಯಶ್ರೀ ಬೋರ್ಡು ನೋಡಿದಳು. ಪ್ರೀತಿಯ ಮುಖ ನೋಡಿದಳು.

“ಹೌದ್ರಿ ಕಾಕಾ, ಹೋಗ್ತದ. ಭಾಳ ಗದ್ದಲ ಐತಿ, ನಿಮಗ ಕಿಡಕಿ ಬಾಜೂ ಸೀಟು ಹಿಡೀತೀನಿ ಬರ್ರಿ,” ಎಂದವಳೇ ಅವನ ಚೀಲವನ್ನೂ ಎತ್ತಿಕೊಂಡು ಬಸ್ಸು ಹತ್ತಿಬಿಟ್ಟಳು.

ಆಡಕಿ ಊರಿನ ಬಸ್ಸಿಗೆ ಕಾಯುತ್ತಿದ್ದ ಮಾಣಿಕಪ್ಪ ಚೀಲದ ಹಿಂದೆ ಓಡಿದ.