ಗಿರಣಿ ನಿಂತಾಗ

ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು. ಧಣಿಯ ಮನೆಯ ಅಡುಗೆಯಾಕೆ ಸರದಿಯಲ್ಲಿ ನಿಂತಿದ್ದಳು. ಅವಳ ಮುಂದೆ ಧಣಿಯ ಟ್ರ್ಯಾಕ್ಟರ್ ಡ್ರೈವರು, ಅವನ ಪಕ್ಕದಲ್ಲಿ ಅವನ ಹೆಂಡತಿಯ ತಮ್ಮ. ಧಣಿ ಶಾಸಕನಾಗಿ ಗೆದ್ದು ಇನ್ನೂ ವಾರವಾಗಿರಲಿಲ್ಲ.

“ಕ್ಷೇತ್ರಕ್ಕೆ ಕ್ಷೇತ್ರಾನೇ ನಮ್ಮದಾಯ್ತು. ನಮ್ಮ ಬೂತಲ್ಲಿ ಮಾತ್ರ ಧಣಿ ಎದುರು ನಿಂತಿದ್ದ ಆ ಮೇಷ್ಟ್ರಿಗೆ ಒಂದು ವೋಟು!”

“ಒಂದೇ ತಾನೆ, ಭಾವ?”

“ಹಾಲು ಕೆಡೋಕೆ ಒಂದು ತೊಟ್ಟು ಹುಳಿ ಸಾಲದೇನೋ? ಯಾರಂತ ಗೊತ್ತಾದ್ರೆ ಧಣಿ ಕೆಲಸದಿಂದ ಕಿತ್ತೆಸೀತಾರೆ. ನಿಜ ಹೇಳು, ನೀನೇ ತಾನೆ?”

“ಅಕ್ಕನ ಆಣೆಗೂ ಅಲ್ಲ.”

“ಮತ್ತೆ ಒಳಗೆ ಅಷ್ಟು ಹೊತ್ತು ಯಾಕೆ ನಿಂತಿದ್ದೆ?”

“ಕನ್ನಡಕ ಮರೆತಿದ್ದೆ. ಧಣಿ ಗುರುತು ಹುಡುಕ್ತಿದ್ದೆ.”

“ಯಾರ ಕಿವಿಗೆ ಹೂ ಇಡ್ತೀಯ? ಧಣೀದು ಮೊದಲನೇದು. ಹೊತ್ತು ಹಿಡಿಯೋದು ಮೇಷ್ಟ್ರ ಗುಂಡಿ, ಒತ್ತಿದ್ರೆ ಒಳಗೇ ಹೋಗಲ್ಲ!”

ಅಷ್ಟರಲ್ಲಿ ಡ್ರೈವರಿನ ಚೀಲಕ್ಕೆ ಹಿಟ್ಟು ತುಂಬಿ ಗಿರಣಿ ನಿಂತಿತ್ತು. ಕೊನೆಯ ಮಾತು ಗೋಡೆಗೆ ಬಡಿದು ಎಲ್ಲರ ಕಿವಿಗೂ ಬಿತ್ತು.

“ಅದು ನಿಮಗೆ ಹೆಂಗೆ ಗೊತ್ತು, ಭಾವ?”

ಡ್ರೈವರು ಮೆಲ್ಲಗೆ ಹಿಂದಿರುಗಿ ನೋಡಿದ.

“ಅಕ್ಕಾ, ನೀವು ಯಾವಾಗ ಬಂದ್ರಿ? ಏನಾದ್ರೂ ಕೇಳಿಸ್ತಾ?”

“ಈ ಸದ್ದಲ್ಲಿ ಏನು ಕೇಳಿಸುತ್ತಪ್ಪ,” ಎಂದಳು ಅಡುಗೆಯಾಕೆ.

ಅವನು ನಿಂತ ಗಿರಣಿಯನ್ನು ನೋಡಿದ, ಅವಳ ಮುಖ ನೋಡಿದ. ಚೀಲದ ಬಾಯಿಯನ್ನೂ ಕಟ್ಟದೆ ಹೆಗಲಿಗೇರಿಸಿಕೊಂಡು, ದಾರಿಯುದ್ದಕ್ಕೂ ಹಿಟ್ಟು ಚೆಲ್ಲುತ್ತ ಹೊರಟುಹೋದ.